ಎಡಗಡೆ ಮೇಲಿನ ಮೂಲೆಯಿಂದ

ಅಜ್ಜ ಮಾತಾಡುವಾಗ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಎಡಗಿವಿಯ ಆಚೆ, ಗೋಡೆಯ ಮೇಲಿನ ಗಡಿಯಾರವನ್ನು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಇನ್ನು ಎದ್ದು ಹೊರಡು ಎಂಬ ಸೂಚನೆಯೇನೋ ಎಂದು ನಾನು ಮೊದಮೊದಲು ಅರ್ಧ ಕಾಫಿಯಲ್ಲೇ ಎದ್ದದ್ದೂ ಉಂಟು. ಆಮೇಲೆ ತಿಳಿಯಿತು. ಅವರ ಕಣ್ಣಿನ ನಡುಭಾಗ ಪೂರ್ತಿ ಮಸುಕಾಗಿತ್ತು, ಅಂಚಿನಲ್ಲಿ ಮಾತ್ರ ಒಂದಿಷ್ಟು ನೋಟ ಉಳಿದಿತ್ತು. ನನ್ನನ್ನು ನೋಡಬೇಕಾದರೆ ಅವರು ನನ್ನ ಪಕ್ಕಕ್ಕೆ ನೋಡಬೇಕಿತ್ತು.

ಸ್ವೀಡನ್ನಿನ ಟ್ರೋಲ್‌ಹೆಟ್ಟನ್ನಿನಲ್ಲಿ ನಾವಿದ್ದ ಕಟ್ಟಡದ ಕೆಳಮನೆ ಅವರದು. ವಿಮಾನದ ಎಂಜಿನ್ ಮಾಡುವ ಕಾರ್ಖಾನೆಯ ಕೆಲಸ ಹಿಡಿದು ನನ್ನ ಗಂಡ ಇಲ್ಲಿಗೆ ಬಂದ, ಅವನ ಹಿಂದೆ ನಾನೂ ಮಗಳೂ ಬಂದೆವು. ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ಕಡೇ ಬೆಂಚಿನವರೆಗೂ ದನಿ ಮುಟ್ಟಿಸುತ್ತಿದ್ದವಳು ನಾನು. ಇಲ್ಲಿ ಅಂಗಡಿಯಲ್ಲಿ ಈರುಳ್ಳಿ ಎಲ್ಲಿದೆ ಎಂದು ಕೇಳಲೂ ಬಾಯಿ ಬರುತ್ತಿರಲಿಲ್ಲ. ಸ್ವೀಡಿಷ್ ತರಗತಿಗೆ ಹೋಗುತ್ತಿದ್ದೆ, ವ್ಯಾಕರಣದಲ್ಲಿ ಒಳ್ಳೆಯ ಅಂಕವೂ ಬರುತ್ತಿತ್ತು. ಮಾತು ಮಾತ್ರ ಗಂಟಲು ದಾಟುತ್ತಿರಲಿಲ್ಲ. ಶಿಶುವಿಹಾರಕ್ಕೆ ಹೋಗುವ ಮಗಳು ಆಗಲೇ ನನ್ನ ಉಚ್ಚಾರ ತಿದ್ದತೊಡಗಿದ್ದಳು.

ನಮ್ಮಿಬ್ಬರ ಪರಿಚಯವಾದದ್ದು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಇಡೀ ಕಟ್ಟಡಕ್ಕೆ ಅದೊಂದೇ ಕೋಣೆ, ಪಾಳಿ ಹಿಡಿದು ಒಗೆಯಬೇಕು. ಸ್ವೀಡನ್ನಿನ ಜನ ಎದುರೆದುರು ನಿಂತು ಜಗಳ ಆಡುವುದಿಲ್ಲ, ಆಡಬೇಕಾದದ್ದನ್ನೆಲ್ಲ ಚೀಟಿಯಲ್ಲಿ ಬರೆದು ಅಲ್ಲಿನ ಗೋಡೆಗೆ ಅಂಟಿಸುತ್ತಾರೆ. ಅಂಥದೊಂದು ಚೀಟಿಗೆ ಅಜ್ಜ ಮೂಗು ತಾಗಿಸಿ ನಿಂತಿದ್ದರು. ಏನು ಬರೆದಿದೆ ಎಂದು ನನ್ನನ್ನು ಕೇಳಿದರು. ನನಗೆ ಓದಿದರೆ ಅರ್ಥವಾಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. "ಅರ್ಥ ನನಗಿರಲಿ, ನೀನು ಅಕ್ಷರ ಓದು" ಎಂದರು. ನಾನು ಒಂದೊಂದೇ ಅಕ್ಷರ ಹೇಳುತ್ತ ಹೋದೆ, ಅವರು ಜೋಡಿಸುತ್ತ ಹೋದರು. ಡ್ರೈಯರಿನ ಜಾಲರಿಯಲ್ಲಿ ನಾಯಿಯ ಕೂದಲು ಬಿಟ್ಟುಹೋದವರಿಗೆ ಬೈದ ಚೀಟಿ ಅದು. ನಮ್ಮಿಬ್ಬರ ಮನೆಯಲ್ಲೂ ನಾಯಿ ಇರಲಿಲ್ಲ. ಅಜ್ಜ ಗೋಡೆ ಹಿಡಿದುಕೊಂಡು ನಕ್ಕರು.

"ನನಗೆ ಕಣ್ಣಿನ ತೊಂದರೆ, ನಿನಗೆ ನಾಲಿಗೆಯ ತೊಂದರೆ. ಮಂಗಳವಾರ ಫೀಕಾಕ್ಕೆ ಬಾ" ಎಂದು ಕಾಫಿಗೆ ಕರೆದರು.

ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಎಂಬತ್ತು ದಾಟಿದವರನ್ನು ಹಾಗೆ ಕರೆಯಲು ನನಗೆ ಆಗಲಿಲ್ಲ, ಅಜ್ಜ ಎಂದುಬಿಟ್ಟೆ. ಹಾಗೆಂದರೆ ಏನು ಎಂದು ಕೇಳಿದರು, ಹೇಳಿದೆ. ತಾಯಿಯ ತಂದೆಯೋ ತಂದೆಯ ತಂದೆಯೋ ಎಂದು ವಿಚಾರಿಸಿದರು. ಅವರ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು. ನಮ್ಮಲ್ಲಿ ಇಬ್ಬರೂ ಅಜ್ಜನೇ ಎಂದೆ. "ಹಾಗಾದರೆ ನನಗೆ ಎರಡು ಬನ್ನು" ಎಂದು ತಟ್ಟೆ ತಮ್ಮ ಕಡೆ ಎಳೆದುಕೊಂಡರು.

ಅವರ ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆ ಇರುತ್ತಿತ್ತು. ಅದರ ತುಂಬ ದಪ್ಪ ರಟ್ಟಿಗೆ ಅಂಟಿಸಿದ ಹಳೆಯ ಫೋಟೋಗಳು. ಅಮೆರಿಕದ ಮಿನಿಯಾಪೊಲಿಸ್ ಊರು ಬೆಳೆಯುತ್ತಿದ್ದ ಕಾಲದವು. ಅಜ್ಜನ ಅಜ್ಜಿ ಹರೆಯದಲ್ಲಿ ಅಲ್ಲಿ ಮನೆಗೆಲಸಕ್ಕೆ ಹೋಗಿದ್ದಳಂತೆ, ಅವಳಣ್ಣ ಅಲ್ಲೊಬ್ಬ ಫೋಟೋಗ್ರಾಫರನ ಹತ್ತಿರ ಕೆಲಸಕ್ಕಿದ್ದನಂತೆ. ಅಣ್ಣ ಅಲ್ಲೇ ಉಳಿದ. ತಂಗಿ ಕೆಲವು ವರ್ಷ ಇದ್ದು, ಈ ಪೆಟ್ಟಿಗೆ ಹೊತ್ತುಕೊಂಡು ವಾಪಸು ಬಂದಳು. ಆ ಅಜ್ಜಿ ನಿಂತಲ್ಲಿ ನಿಲ್ಲದ ಹೆಂಗಸು, ಕಾಫಿಯನ್ನು ಕೂಡ ಒಲೆಯ ಮುಂದೆ ಓಡಾಡುತ್ತಲೇ ಕುಡಿಯುತ್ತಿದ್ದಳು ಎಂದು ಅಜ್ಜ ಹೇಳುತ್ತಿದ್ದರು. ಇವರು ಚಿಕ್ಕವರಿದ್ದಾಗ ಅವಳು ಒಂದು ಫೋಟೋ ತೋರಿಸಿ "ಇವಳೇ ನಾನು" ಎಂದಿದ್ದಳಂತೆ. ದೊಡ್ಡ ಬೀದಿ, ಗರಿ ಸಿಕ್ಕಿಸಿದ ಟೋಪಿ, ಕ್ಯಾಮೆರಾವನ್ನೇ ನೋಡುವ ಮುಖ. ಅಜ್ಜನಿಗೆ ಅಷ್ಟು ನೆನಪಿತ್ತು.

ವಸಂತ ಬಂದ ಮೇಲೆ ಪೆಟ್ಟಿಗೆಯನ್ನು ಊರಿನ ಇತಿಹಾಸ ಸಂಘಕ್ಕೆ ಕೊಡುವುದಾಗಿ ಅವರು ಮಾತು ಕೊಟ್ಟಿದ್ದರು. ಅಷ್ಟರೊಳಗೆ ಅಜ್ಜಿಯ ಫೋಟೋ ಒಂದನ್ನು ಆರಿಸಿ ತೆಗೆದಿಟ್ಟುಕೊಳ್ಳಬೇಕಿತ್ತು. ಕಣ್ಣು ಚೆನ್ನಾಗಿದ್ದಾಗ ನಾಳೆ ಹುಡುಕಿದರಾಯಿತು ಎಂದು ಬಿಟ್ಟರು, ಈಗ ಹುಡುಕೋಣವೆಂದರೆ ಕಣ್ಣೇ ಇಲ್ಲ. ಅವರ ಮಗಳು ದೂರದ ಮಾಲ್ಮೋದಲ್ಲಿದ್ದಳು. ಬಂದಾಗ ಹುಡುಕಿಯೂ ಇದ್ದಳು, ಸಿಕ್ಕಿರಲಿಲ್ಲ.

ಹಾಗೆ ನಾನು ಅವರ ಕಣ್ಣಾದೆ. ಕೆಲಸಕ್ಕೆ ಒಂದು ಕ್ರಮವಿತ್ತು. ಅಜ್ಜ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುತ್ತಿದ್ದವರು, ಅಂದಾಜಿನ ಮಾತು ಅವರಿಗೆ ಆಗುತ್ತಿರಲಿಲ್ಲ. ಫೋಟೋ ಕೈಗೆ ಕೊಟ್ಟು, "ಎಡಗಡೆ ಮೇಲಿನ ಮೂಲೆಯಿಂದ" ಎನ್ನುತ್ತಿದ್ದರು. ಅಲ್ಲಿಂದ ಬಲಕ್ಕೆ, ಮತ್ತೆ ಎಡಕ್ಕೆ ಬಂದು ಕೆಳಗೆ. ಪುಟ ಓದುವ ಹಾಗೆ ಚಿತ್ರ ಓದಬೇಕು, ಅದೂ ಸ್ವೀಡಿಷಿನಲ್ಲೇ. ಗೊತ್ತಿಲ್ಲದ ವಸ್ತುವಿಗೆ ಅದರ ಆಕಾರ ಹೇಳಿದರೆ ಅವರು ಹೆಸರು ಕೊಡುತ್ತಿದ್ದರು. ಜಲಪಾತದ ಪಕ್ಕ ಗಿರಣಿಗಳಿದ್ದ ಫೋಟೋ ಹಿಡಿದು, ಇದು ನಮ್ಮ ಟ್ರೋಲ್‌ಹೆಟ್ಟನ್ನಿನ ಜಲಪಾತವೇ ಎಂದು ನಾನು ಸಂಭ್ರಮಪಟ್ಟಾಗ ಕಪ್ಪನ್ನು ಕೆಳಗಿಟ್ಟರು. "ನಿನಗೆ ಅನಿಸಿದ್ದು ಬೇಡ. ಕಂಡದ್ದು ಹೇಳು."

ಕಂಡದ್ದು ಹೇಳುತ್ತ ಹೇಳುತ್ತ ನನ್ನ ಬಾಯಿ ತೆರೆಯಿತು. ಬಸ್ ಕಾರ್ಡಿಗೆ ಏನೆನ್ನುತ್ತಾರೆಂದು ತಿಳಿಯುವ ಮೊದಲೇ ನನಗೆ ಕುದುರೆ ಲಾಯ, ಹಲಗೆ ಹಾಸಿದ ಕಾಲುದಾರಿ, ಸಾರುವೆ, ಹೊಗೆಗೂಡುಗಳ ಹೆಸರು ಬಾಯಿಪಾಠವಾದವು. ಟ್ರಾಮಿನ ಹಳಿಗೆ ಅಗೆದ ಬೀದಿ, ಅರ್ಧ ಎದ್ದ ಸೇತುವೆ, ಹೆಪ್ಪುಗಟ್ಟಿದ ಕೆರೆಯಿಂದ ಮಂಜುಗಡ್ಡೆ ಕೊಯ್ಯುವ ಗಂಡಸರು, ಹೊಸ ಬಡಾವಣೆಯ ನಡುವೆ ಏನೂ ತಿಳಿಯದ ಹಾಗೆ ಮೇಯುತ್ತಿದ್ದ ಹಸು. ನಾನೆಂದೂ ಕಾಣದ ಊರು ನನ್ನ ಹೊಸ ಭಾಷೆಯಲ್ಲಿ ಕಟ್ಟಿಕೊಂಡಿತು. ಮಂಗಳವಾರ ನಾನು ಚಪ್ಪಲಿ ಮೆಟ್ಟಿದರೆ ಸಾಕು, ನನ್ನ ಗಂಡ ಶುರು ಮಾಡುತ್ತಿದ್ದ. "ಮತ್ತ ಅಮೆರಿಕಕ್ಕ ಹೊಂಟೀ? ಸ್ವೀಡನ್ನಿಗೆ ಬಂದು ವಾರಾ ವಾರಾ ಅಮೆರಿಕಕ್ಕ ಹೋಗಾಕಿ ನೀ ಒಬ್ಬಾಕಿನ."

ರಂಜಾನ್ ತಿಂಗಳಲ್ಲಿ ಅಜ್ಜ ಕಾಫಿಯ ಪಾತ್ರೆಯನ್ನೇ ಹೊರಗೆ ತೆಗೆಯುತ್ತಿರಲಿಲ್ಲ. ನೀವು ಕುಡಿಯಿರಿ ಅಂದರೆ, ಒಬ್ಬನೇ ಕುಡಿದರೆ ಅದು ಫೀಕಾ ಹೇಗಾಗುತ್ತದೆ ಎನ್ನುತ್ತಿದ್ದರು. ಸಂಜೆ ರೋಜಾ ಬಿಡುವಾಗ ತಿನ್ನಲೆಂದು ಏಲಕ್ಕಿ ಬನ್ನು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಹಬ್ಬಕ್ಕೆ ನಾನು ಒಯ್ದ ಚುರಮುರಿಯ ಗಿರಮಿಟ್ಟನ್ನು ಚಮಚದಲ್ಲಿ ತಿಂದು, ಇಷ್ಟು ಸದ್ದು ಮಾಡುವ ತಿಂಡಿ ಈ ಮನೆಗೆ ಬಂದೇ ಇರಲಿಲ್ಲ ಎಂದರು.

ಪೆಟ್ಟಿಗೆ ತಳ ಕಂಡಿತು, ಟೋಪಿಯ ಹೆಂಗಸು ಸಿಗಲಿಲ್ಲ. ಅಜ್ಜನ ಭುಜ ಇಳಿದುಹೋಗಿದ್ದು ಕಂಡು ನನಗೆ ಸಂಕಟವಾಯಿತು. "ಯಾವುದರೆ ಟೋಪಿ ಹಾಕ್ಕೊಂಡಾಕಿನ್ನ ತೋರಿಸಿ ಈಕಿನ ಅಂದ್ಬಿಡು. ಮುದುಕಗ ಸಮಾಧಾನ ಆಗ್ತದ" ಎಂದ ನನ್ನ ಗಂಡ. ಅವನದೂ ಕೆಟ್ಟ ಮನಸ್ಸಲ್ಲ. ಸೇತುವೆಯ ಫೋಟೋ ಒಂದರಲ್ಲಿ ಅಂಥ ಹೆಂಗಸು ಇದ್ದಳು ಕೂಡ. ಮುಂದಿನ ವಾರ ಅದನ್ನೇ ಮತ್ತೆ ಕೈಗೆತ್ತಿಕೊಂಡಾಗ ಮಾತು ನಾಲಿಗೆಯ ತುದಿಯವರೆಗೂ ಬಂತು. ಆದರೆ ಅಜ್ಜ ನನ್ನ ಕಿವಿಯ ಪಕ್ಕಕ್ಕೆ ನೋಡುತ್ತ, ನನ್ನ ಮಾತನ್ನು ಪೂರ್ತಿ ನಂಬಿ ಕೂತಿದ್ದರು. "ಟೋಪಿ ಇದೆ ಅಜ್ಜ, ಆದರೆ ಅವಳು ಬೆನ್ನು ಹಾಕಿ ನಡೆಯುತ್ತಿದ್ದಾಳೆ" ಎಂದೆ.

"ಹಾಗಾದರೆ ಅವಳಲ್ಲ. ಮೊದಲಿನಿಂದ ಇನ್ನೊಂದು ಸಲ ನೋಡೋಣ."

ಹಾಗೆ ಎರಡನೆಯ ಸಲ ಕೈಗೆ ಬಂದ ಫೋಟೋ ಒಂದು. ಊರಿನ ಹೊರವಲಯ. ನಾನು ಓದತೊಡಗಿದೆ. ಎಡಗಡೆ ಮೇಲಿನ ಮೂಲೆಯಲ್ಲಿ ಖಾಲಿ ಆಕಾಶ. ಅದರ ಕೆಳಗೆ ಬಣ್ಣ ಕಾಣದ ಹಲಗೆ ಮನೆಗಳ ಸಾಲು. ಇನ್ನೂ ತಂತಿ ಎಳೆಯದ ಕಂಬಗಳು. ಬೀದಿಯಾಗಬೇಕಾದ ಕಡೆ ಕೆಸರು, ಕಡಿದ ಮರಗಳ ಬೊಡ್ಡೆ. ಬಲಗಡೆ ಕೈಪಂಪು. ಪಂಪಿನ ಪಕ್ಕ ಹೊಗೆ. ಮೊದಲ ಸಲವೂ ಹೊಗೆ ಅಂದಿದ್ದೆ. ಆಗ ನನ್ನಲ್ಲಿದ್ದ ಪದಗಳೇ ಅಷ್ಟು, ಒಂದು ಹೆಸರು ಕೊಟ್ಟು ಮುಂದೆ ಹೋಗಿದ್ದೆ. ಈಗ ಕೆಳಗಿನ ಸಾಲಿಗೆ ಬಂದವಳು ನಿಂತೆ.

"ಅಜ್ಜ, ಹೊಗೆಯ ಕೆಳಗೆ ಬೂಟುಗಳಿವೆ."

ಅವರು ಅಲುಗಲಿಲ್ಲ. "ಎಂಥ ಬೂಟು?"

"ಲೇಸಿನ ಬೂಟು, ಹೆಂಗಸರದು. ಎರಡೂ ಸ್ಪಷ್ಟವಾಗಿವೆ. ಅದರ ಮೇಲೆ ಲಂಗದ ಅಂಚು. ಮೇಲೆ ಹೋದ ಹಾಗೆ ಎಲ್ಲ ಅಲುಗಾಡಿದೆ."

"ಮುಖ?"

"ಒಂದರ ಮೇಲೊಂದು ಎರಡು ಮೂರು ಮುಖ. ಯಾವುದೂ ಗೊತ್ತಾಗುವುದಿಲ್ಲ."

"ಟೋಪಿ?"

ಹೌದು ಅನ್ನಬೇಕೆಂದು ಎಷ್ಟು ಆಸೆಯಾಯಿತು. "ಟೋಪಿ ಇಲ್ಲ ಅಜ್ಜ."

ಅಜ್ಜ ಕೈಚಾಚಿ ಫೋಟೋದ ರಟ್ಟಿನ ಅಂಚು ಸವರಿದರು. ಆಮೇಲೆ ಕೇಳಿದರು, "ಪಂಪಿನ ಕೆಳಗೆ ಬಕೆಟ್ ಇದೆಯಾ?"

"ಇದೆ. ತುಂಬಿ ಹರಿದು ನೆಲ ಒದ್ದೆಯಾಗಿದೆ."

ಅಜ್ಜ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು. ಆಮೇಲೆ ಎರಡೂ ಆಯಿತು. "ಅವಳೇ. ಆಗಿನ ಕ್ಯಾಮೆರಾದಲ್ಲಿ ಅಲುಗಿದರೆ ಹೊಗೆಯಾಗಿಬಿಡುತ್ತಿತ್ತು. ಅಣ್ಣ ಅಲುಗಾಡಬೇಡ ಅಂದನಂತೆ, ಇವಳು ಬಕೆಟ್ ತುಂಬಿತೆಂದು ಬಗ್ಗಿದಳಂತೆ. ಅಜ್ಜಿ ಅದನ್ನೂ ಹೇಳಿದ್ದಳು, ನಾನು ಮರೆತುಬಿಟ್ಟಿದ್ದೆ. ಟೋಪಿ, ಬೀದಿ, ಮುಖ ಎಲ್ಲ ನಾನೇ ಮನಸ್ಸಿನಲ್ಲಿ ತೊಡಿಸಿದ್ದು."

ನನಗೂ ಅಳು ಬಂತು. ಆವತ್ತು ಅವರು ಆ ಒಂದೇ ಫೋಟೋವನ್ನು ಮತ್ತೆ ಮತ್ತೆ ಓದಿಸಿದರು. ಕೊನೆಗೆ ನನ್ನ ಕೈ ಹಿಡಿದು, "ನೀನು ಸುಳ್ಳು ಹೇಳಿದ್ದರೆ ನನಗೆ ತಿಳಿಯುತ್ತಿರಲಿಲ್ಲ" ಎಂದರು. ಅವರು ಸ್ವೀಡಿಷಿನಲ್ಲಿ ಹೇಳಿದ್ದು ನನಗೆ ನೇರವಾಗಿ ತಟ್ಟಿತ್ತು, ನಡುವೆ ಇಂಗ್ಲಿಷೂ ಕನ್ನಡವೂ ಬಂದಿರಲಿಲ್ಲ ಎಂಬುದು ನಾನು ಮೆಟ್ಟಿಲು ಹತ್ತುವಾಗ ಹೊಳೆಯಿತು.

ಈಗ ನಾನು ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ನನ್ನ ಸ್ವೀಡಿಷಿನಲ್ಲಿ ಮುದುಕರ ಮಾತು ಜಾಸ್ತಿ ಎಂದು ಮಕ್ಕಳು ನಗುತ್ತಾರೆ. ನಗಲಿ. ಅದು ಅಜ್ಜ ಕೊಟ್ಟದ್ದು, ನನಗೆ ಅದರ ಬಗ್ಗೆ ಹೆಮ್ಮೆಯಿದೆ.

ಅಜ್ಜ ಹೋದದ್ದು ಕಳೆದ ಚಳಿಗಾಲ. ಪೆಟ್ಟಿಗೆ ಅಷ್ಟು ಹೊತ್ತಿಗೆ ಸಂಘಕ್ಕೆ ಹೋಗಿತ್ತು, ಉಳಿದ ಫೋಟೋಗಳನ್ನು ಈಗ ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ನೋಡಬಹುದು. ಅಜ್ಜಿಯದೊಂದನ್ನು ಮಾತ್ರ ಪ್ರತಿ ತೆಗೆಯಲೂ ಅವರು ಕೊಟ್ಟಿರಲಿಲ್ಲ. ಅವರ ಇಚ್ಛೆಯಂತೆ ಅದನ್ನು ಅವರ ಕೋಟಿನ ಒಳಜೇಬಿನಲ್ಲಿಟ್ಟು ಕಳಿಸಿದರು.

ಇಲ್ಲಿ ಮಣ್ಣಾದ ಮೇಲೆ ಎಲ್ಲರೂ ಕಾಫಿಗೆ ಕೂತು ಹೋದವರ ಬಗ್ಗೆ ಎರಡು ಮಾತಾಡುತ್ತಾರೆ. ಮಾಲ್ಮೋದಿಂದ ಬಂದ ಮಗಳು ನನ್ನ ಹತ್ತಿರ ಬಂದಳು. "ಜೇಬಿನಲ್ಲಿಡುವಾಗ ಆ ಫೋಟೋ ನೋಡಿದೆ. ನನಗೆ ಬರೀ ಹೊಗೆ ಕಂಡಿತು. ಅಪ್ಪನಿಗೆ ಅದರಲ್ಲಿ ಏನು ಸಿಕ್ಕಿತು, ನೀನು ಎಲ್ಲರಿಗೂ ಹೇಳುತ್ತೀಯಾ?"

ತುಂಬಿದ ಕೋಣೆ. ಈರುಳ್ಳಿ ಎಲ್ಲಿದೆ ಎಂದು ಕೇಳಲಾರದೆ ಹೋದವಳು ನಾನು. ಎದ್ದು ನಿಂತೆ. ಕಡೇ ಕುರ್ಚಿಯವರೆಗೂ ಮುಟ್ಟುವ ಹಾಗೆ ದನಿ ತೆಗೆದು, ಎಡಗಡೆ ಮೇಲಿನ ಮೂಲೆಯಿಂದ ಶುರು ಮಾಡಿದೆ.