ಕಾಲರ್ ಟ್ಯೂನಿಗೆ ಹಾಕಿಸಿದ ಪ್ರೇಮಗೀತೆ

ನಮ್ಮಪ್ಪ ಚಡ್ಡಿ ಹಾಕುತ್ತಿದ್ದ ಕಾಲದ ಇಂಗ್ಲಿಷ್ ಪ್ರೇಮಗೀತೆ ಅದು. ಮೊದಲು ಯಾರೋ ಮನಸಾರೆ ಹಾಡಿದರು, ಆಮೇಲೆ ಸಿಕ್ಕಸಿಕ್ಕವರೆಲ್ಲ ಹಾಡಿದರು, ಕೊನೆಗೆ ಮಾತುಗಳನ್ನು ಕಳಚಿಕೊಂಡು ಬರಿಯ ಸ್ಯಾಕ್ಸೊಫೋನಾಗಿ ಹೋಟೆಲು, ಹಲ್ಲಿನ ಆಸ್ಪತ್ರೆಗಳನ್ನು ಸೇರಿತು. ನನಗದು ಸಿಕ್ಕಿದ್ದು ಹೈದರಾಬಾದಿನ ನಮ್ಮ ಆಫೀಸಿನ ಲಿಫ್ಟಿನಲ್ಲಿ. ಅವಸರವಿಲ್ಲದ ಹಾಡು, ಕೇಳುವವರಿಂದ ಏನನ್ನೂ ಬೇಡುವುದಿಲ್ಲ. ನನ್ನಂಥ ಪುಕ್ಕಲನಿಗೆ ಹೇಳಿ ಮಾಡಿಸಿದಂತಿತ್ತು.

ಪುಕ್ಕಲುತನ ಯಾಕೆಂದರೆ, ಕಲಬುರಗಿ ಕಡೆಯ ಸಹೋದ್ಯೋಗಿಯೊಬ್ಬಳ ಮೇಲೆ ನನಗೆ ಮನಸ್ಸಾಗಿತ್ತು. ನಮ್ಮಿಬ್ಬರದು ಒಂದೇ ಕ್ಯಾಬು. ಆಕೆ ಕುಷಾಯಿಗೂಡದಲ್ಲಿ ಹತ್ತಿ ಬರುತ್ತಿದ್ದಳು, ನಾನು ಬೇಗಂಪೇಟೆಯಲ್ಲಿ ಸೇರಿಕೊಳ್ಳುತ್ತಿದ್ದೆ. ಆಗೆಲ್ಲ ಕಾಲರ್ ಟ್ಯೂನುಗಳ ಭರಾಟೆ. ಫೋನ್ ಮಾಡಿದವರ ಕಿವಿಗೆ ರಿಂಗಿನ ಬದಲು ನಾವು ಆರಿಸಿದ ಹಾಡು ಬೀಳುತ್ತಿತ್ತು; ಹಿಡಿಸಿದರೆ ಅವರೂ ಸ್ಟಾರ್ ಗುಂಡಿ ಒತ್ತಿ ಅದನ್ನೇ ತಮ್ಮ ಫೋನಿಗೆ ಹಾಕಿಸಿಕೊಳ್ಳಬಹುದಿತ್ತು. ನಾನು ಈ ಹಾಡನ್ನೇ ಹಾಕಿಸಿದೆ. ದಿನಾ ಬೆಳಿಗ್ಗೆ ಅದು ನನ್ನ ಪರವಾಗಿ ವಕಾಲತ್ತು ಮಾಡುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಮಹಾ ಬುದ್ಧಿವಂತ ನಾನು. ಆಕೆ ಫೋನ್ ಮಾಡುತ್ತಲೇ ಇರಲಿಲ್ಲ, ಮಿಸ್ಡ್ ಕಾಲ್ ಕೊಡುತ್ತಿದ್ದಳು. ಕ್ಯಾಬು ಹತ್ತಿರ ಬಂತು, ಇಳಿದು ಬಾ ಎನ್ನಲು ನಮ್ಮಲ್ಲಿ ಅದೇ ಪದ್ಧತಿ. ಸ್ಯಾಕ್ಸೊಫೋನು ಉಸಿರೆಳೆದುಕೊಳ್ಳುವಷ್ಟರಲ್ಲಿ ಕಟ್. ಬೇಕೆಂದೇ ತಡ ಮಾಡಿ ನೋಡಿದೆ. ಇನ್ನಷ್ಟು ಮಿಸ್ಡ್ ಕಾಲ್ ಬಂದವು, ಜೊತೆಗೆ ಡ್ರೈವರನ ಹಾರ್ನು.

ಹಾಡನ್ನು ಪೂರ್ತಿ ಕೇಳಿದವರು ಬೇರೆಯವರು. ನಮ್ಮ ಮ್ಯಾನೇಜರು ಅದನ್ನು ಮೀಟಿಂಗಿನಲ್ಲಿ ಗುನುಗತೊಡಗಿದರು. ಮೈಸೂರಿನಿಂದ ಅಮ್ಮ, "ನಿನ್ನ ಫೋನಲ್ಲಿ ಯಾರೋ ಅಳ್ತಿದಾರಲ್ಲೋ, ಸರಿಯಾಗಿ ಊಟ ಮಾಡ್ತಿದೀಯ ತಾನೇ?" ಎಂದಳು.

ಒಂದು ಭಾನುವಾರ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಆಕೆಯ ಕರೆ ಬಂದು ಹೋಗಿತ್ತು. ತಿರುಗಿ ಮಾಡಲು ಧೈರ್ಯ ಸಾಲಲಿಲ್ಲ. ಮರುದಿನ ಕ್ಯಾಬಿನಲ್ಲಿ ಆಕೆಯೇ ಮಾತು ತೆಗೆದಳು.

"ನಿನ್ನೆ ನಿಮಗ ಫೋನ್ ಹಚ್ಚಿದ್ದೆರಿ. ನಿಮ್ಮ ಹಾಡು ಭಾಳ ಚಂದ ಐತಿ. ಮುಗಿಯೋತನಕ ಕೇಳಿದೆ."

ನನಗೆ ಸ್ವರ್ಗಕ್ಕೆ ಮೂರೇ ಗೇಣು.

"ಸ್ಟಾರ್ ಒತ್ತಿ ನಾನೂ ಅದನ್ನಽ ಹಾಕ್ಕೊಂಡೀನ್ರಿ. ಹೋದ ವಾರ ನಂದು ಮದುವಿ ನಿಶ್ಚಯ ಆತು, ಹೇಳಬೇಕಂತ ಹಚ್ಚಿದ್ದೆ. ಇನ್ನ ಅವರು ದಿನಾ ಫೋನ್ ಮಾಡ್ತಾರಲ್ರಿ, ಒಂದು ಛಲೋ ಹಾಡು ಕೇಳಲಿ ಅಂತ."

ಕ್ಯಾಬಿನಲ್ಲಿ ಎಲ್ಲರ ಎದುರು ನಾನೇನು ಹೇಳಿದೆನೋ ನೆನಪಿಲ್ಲ. ಸಂಜೆ ನೆಟ್ಟಗೆ ಅಭಿನಂದನೆಯಾದರೂ ಹೇಳೋಣವೆಂದು ಮೊದಲ ಸಲ ನಾನೇ ಫೋನ್ ಮಾಡಿದೆ. ಹಾಡು ಶುರುವಾಯಿತು. ಕರೆ ಮಾಡಿದವನಾಗಿ ನಾನು ಅದನ್ನು ಕೇಳಿದ್ದು ಆಗಲೇ. ಆಕೆ ಇನ್ನೂ ಸ್ವಲ್ಪ ಹೊತ್ತು ಫೋನ್ ಎತ್ತದಿರಲಿ ಎಂದುಕೊಳ್ಳುತ್ತ ಕಿವಿಗೊತ್ತಿಕೊಂಡು ನಿಂತಿದ್ದೆ.