ದುರ್ಬೀನಿನ ಮುಚ್ಚಳ

ಸಂಜೆಯಾದರೆ ಉದ್ಯಾನದ ಮೂಲೆಯಲ್ಲಿ ದುರ್ಬೀನು ನಿಲ್ಲಿಸಿ, ಹೋಗಿಬರುವವರನ್ನೆಲ್ಲ ತಡೆದು ಆಕಾಶ ತೋರಿಸುವುದೇ ದುರ್ಬೀನು ಮೇಷ್ಟ್ರ ಕಸುಬು. "ಬರಿಗಣ್ಣನ್ನ ನಂಬಬೇಡಿ ಸ್ವಾಮಿ, ಅದು ಶುದ್ಧ ಜಿಪುಣ! ಚುಕ್ಕೆ ತೋರಿಸಿ ಸಾಗಹಾಕುತ್ತೆ. ನಿಮ್ಮ ಹೆಗಲೇರಿದ ಶನಿಯನ್ನ ಇಲ್ಲಿ ಉಂಗುರದ ಸಮೇತ ನೋಡಿ" ಎಂದು ಅವರು ಶುರುಮಾಡಿದರೆ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ ಹೆಂಡತಿಗೆ ಮುಂದಿನದೆಲ್ಲ ಬಾಯಿಪಾಠ. ಆರು ಚುಕ್ಕೆಯ ಕೃತ್ತಿಕೆಯಲ್ಲಿ ಅರವತ್ತು ತೋರಿಸದೆ ಅವರು ಯಾರನ್ನೂ ಬಿಟ್ಟವರಲ್ಲ. ಮೋಡ ಅಡ್ಡ ಬಂದರೆ ಮೋಡಕ್ಕೇ ಬೈಯುವವರು. ಏನೂ ಕಾಣದಿದ್ದರೂ ನಾಚಿಕೆಗೆ "ಆಹಾ, ಕಾಣಿಸ್ತು" ಎನ್ನುವವರನ್ನು ಕಂಡರೆ ಮಾತ್ರ ಅವರಿಗೆ ಮೈಯೆಲ್ಲ ಉರಿ. ಅಂಥವರನ್ನು ಹಿಡಿಯಲೆಂದೇ ಒಮ್ಮೊಮ್ಮೆ ಕೊಳವೆಯ ತುದಿಯ ಮುಚ್ಚಳ ತೆಗೆಯದೆ ಬಿಟ್ಟು, ಅವರು ಆಹಾ ಎಂದೊಡನೆ "ಸುಳ್ಳು ಸಿಕ್ಕಿಬಿತ್ತು!" ಎಂದು ಚಪ್ಪಾಳೆ ತಟ್ಟುತ್ತಾರೆ. ಈಚೆಗೆ ಮಾತ್ರ ಉದ್ಯಾನದ ಗೇಟನ್ನೂ ಕೈಯಿಂದ ತಡವಿ ಹುಡುಕುತ್ತಾರೆ. ಕೇಳಿದರೆ, ಕನ್ನಡಕ ಹಳೆಯದಾಯಿತು ಎನ್ನುತ್ತಾರೆ. ನಿನ್ನೆ ತಾವೇ ಬಹಳ ಹೊತ್ತು ಕಣ್ಣಿಟ್ಟು ನೋಡಿ, "ಬಾರೇ ಇಲ್ಲಿ, ಉಂಗುರ ಇಷ್ಟು ಸ್ಪಷ್ಟವಾಗಿ ಯಾವತ್ತೂ ಕಂಡಿರಲಿಲ್ಲ" ಎಂದರು. ಹೆಂಡತಿ ಎದ್ದು ಹೋದಳು. ಕೊಳವೆಯ ತುದಿಯಲ್ಲಿ ಮುಚ್ಚಳ ಹಾಕಿದಂತೆಯೇ ಇತ್ತು. ಆಕೆ ಬಗ್ಗಿ ಕಣ್ಣಿಟ್ಟು, "ಆಹಾ, ಕಾಣಿಸ್ತು" ಎಂದು ಹೇಳಿ ಚಪ್ಪಾಳೆಗಾಗಿ ಕಾದಳು. ಅವರು ತಟ್ಟಲಿಲ್ಲ.