ಹೋರ್ಡಿಂಗ್‌ಗಳ ಬುಡ ತಟ್ಟುವ ಟೇಪಕ್ಕ

ಬೆಳಗಿನ ಐದೂಮುಕ್ಕಾಲು. ನಾಲ್ಕು ರಸ್ತೆ ಕೂಡುವಲ್ಲಿ ಸಿಗ್ನಲ್ ದೀಪ ಇನ್ನೂ ಹಳದಿಯಾಗಿ ಮಿನುಗುತ್ತಿದೆ. ಮೂರು ಅಂತಸ್ತಿನೆತ್ತರದ ಜಾಹೀರಾತು ಫಲಕದಲ್ಲಿ ಒಬ್ಬ ಸುಂದರಿ ಟೂತ್‌ಪೇಸ್ಟ್ ಹಿಡಿದು ನಗುತ್ತಿದ್ದಾಳೆ. ಅದರ ಬುಡದಲ್ಲಿ ಐವತ್ತೇಳರ ಹೆಂಗಸೊಬ್ಬರು ಮಂಡಿಯೂರಿ ಕೂತು, ಕಬ್ಬಿಣದ ಕಂಬವನ್ನು ನೆಲಕ್ಕೆ ಬಿಗಿದಿರುವ ಬೋಲ್ಟ್‌ಗಳನ್ನು ಪುಟ್ಟ ಸುತ್ತಿಗೆಯಿಂದ ಒಂದೊಂದಾಗಿ ತಟ್ಟುತ್ತಿದ್ದಾರೆ. ಠಣ್, ಠಣ್, ಠಣ್. ನಾಲ್ಕನೆಯದು ಡಬ್ ಎನ್ನುತ್ತದೆ.

“ಕೇಳಿಸ್ತಾ? ಒಳಗೊಳಗೇ ತುಕ್ಕು ತಿಂದುಬಿಟ್ಟಿದೆ. ಮೇಲೆ ಬಣ್ಣ ಬಳಿದು ಕೂರಿಸಿದ್ದಾರೆ, ಅಷ್ಟೆ.”

ಇವರು ನಗರಪಾಲಿಕೆಯ ಜಾಹೀರಾತು ವಿಭಾಗದ ಸ್ಥಳ ಪರಿಶೀಲಕಿ. ಹೆಗಲ ಚೀಲದಲ್ಲಿ ಸದಾ ಉದ್ದನೆಯ ಟೇಪು ಇರುವುದರಿಂದ ಬೀದಿಯವರ ಬಾಯಲ್ಲಿ ಟೇಪಕ್ಕ. ಫಲಕ ಅನುಮತಿ ಪಡೆದಷ್ಟೇ ಅಗಲವಿದೆಯೇ, ಕೂಡುರಸ್ತೆಯಿಂದ ನಿಯಮದಷ್ಟು ದೂರವಿದೆಯೇ, ಗಾಳಿಗೆ ನಿಲ್ಲುವಷ್ಟು ಗಟ್ಟಿಯಿದೆಯೇ ಎಂದು ನೋಡಿ ವರದಿ ಬರೆಯುವುದು ಇವರ ಕೆಲಸ. ಅದಕ್ಕೆ ಇಷ್ಟು ಬೇಗ ಯಾಕೆ ಬರಬೇಕು ಎಂದರೆ ನಗುತ್ತಾರೆ. “ಹೊತ್ತೇರಿದ ಮೇಲೆ ಟೇಪು ಹಾಸಿದ್ರೆ ಗಾಡಿಗಳು ಅದರ ಜೊತೆ ನನ್ನನ್ನೂ ಎಳ್ಕೊಂಡು ಹೋಗ್ತವೆ.”

ಇವರ ಪಾಲಿನ ಬೀದಿಗಳಲ್ಲಿ ಇನ್ನೂರ ಹನ್ನೆರಡು ಫಲಕಗಳಿವೆ. ಅನುಮತಿ ಇರುವುದು ಅರವತ್ತೊಂದಕ್ಕೆ. ದಿನಕ್ಕೆ ಎಂಟು ಕಿಲೋಮೀಟರ್ ನಡಿಗೆ, ಹತ್ತು ಹನ್ನೆರಡು ಫಲಕ, ನಾಲ್ಕೈದು ವರದಿ. ಕೆಡವಿಸುವ ಅಧಿಕಾರ ಇವರಿಗಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಇವರು ಬರೆದದ್ದನ್ನು ನೋಡಿ ಇಳಿಸಿದ ಫಲಕಗಳೆಷ್ಟು? “ಹದಿನೇಳು. ಅದರಲ್ಲಿ ಒಂಬತ್ತು ಮತ್ತೆ ಎದ್ದು ನಿಂತಿವೆ.” ಮನೆಯಲ್ಲಿ ಗಂಡನದೂ ಟೇಪಿನದೇ ಕಸುಬು. ಅವರು ದರ್ಜಿ. “ನಾನು ಅಳೆದ ಮೇಲೆ ಬಟ್ಟೆಯಾದರೂ ಆಗುತ್ತೆ. ಇವಳು ಅಳೆದದ್ದು ಬರೀ ಫೈಲಾಗುತ್ತೆ” ಎಂದು ರೇಗಿಸುತ್ತಾರೆ.

ಅಂಥ ಫೈಲೊಂದರ ಕಥೆ ಕೇಳಿದರೆ ಗಂಡ ಹೆಂಡತಿ ಇಬ್ಬರ ನಗುವೂ ನಿಲ್ಲುತ್ತದೆ.

ಆರು ವರ್ಷಗಳ ಹಿಂದಿನ ಮಾತು. ಬಸ್ ನಿಲ್ದಾಣದ ಪಕ್ಕದ ಫಲಕಕ್ಕೆ ಇಪ್ಪತ್ತಡಿ ಅಗಲಕ್ಕಷ್ಟೇ ಅನುಮತಿ ಇತ್ತು, ಎದ್ದು ನಿಂತದ್ದು ನಲವತ್ತಡಿ. ಬುಡದ ಕಾಂಕ್ರೀಟು ಬಿರುಕು ಬಿಟ್ಟಿತ್ತು. ಟೇಪಕ್ಕ ಎಂಟು ತಿಂಗಳಲ್ಲಿ ಮೂರು ವರದಿ ಕೊಟ್ಟರು. ಫಲಕದ ಮಾಲೀಕ ಎಂಜಿನಿಯರೊಬ್ಬರಿಂದ ‘ಸುಭದ್ರ’ ಎಂಬ ಪ್ರಮಾಣಪತ್ರ ತಂದುಕೊಟ್ಟ. ಆ ಎಂಜಿನಿಯರು ಜಾಗಕ್ಕೆ ಕಾಲಿಟ್ಟಿರಲೇ ಇಲ್ಲ. ಒಂದು ಮಧ್ಯಾಹ್ನ ಗಾಳಿ ಎದ್ದಿತು. ಫಲಕ ಮುಗ್ಗರಿಸಿ ಬಿತ್ತು. ಅದರ ನೆರಳಲ್ಲಿ ಹನ್ನೊಂದು ವರ್ಷದಿಂದ ಕೂರುತ್ತಿದ್ದ ಕೀಲಿ ಮಾಡುವವನು ಅಲ್ಲೇ ತೀರಿಕೊಂಡ.

ವಿಚಾರಣೆ ನಡೆದಾಗ ಫೈಲಿನಲ್ಲಿ ಮೂರು ವರದಿಗಳಲ್ಲಿ ಒಂದೂ ಇರಲಿಲ್ಲ. ಕರ್ತವ್ಯಲೋಪ ಎಂದು ಟೇಪಕ್ಕನನ್ನು ಅಮಾನತು ಮಾಡಿದರು. ಮನೆಯಲ್ಲಿ ಗಂಡನ ಚೂರುಬಟ್ಟೆಯ ಪೆಟ್ಟಿಗೆಯಲ್ಲಿಟ್ಟಿದ್ದ ಕಾರ್ಬನ್ ಪ್ರತಿಗಳನ್ನು ಒಯ್ದು ತೋರಿಸಿದ ಮೇಲೆ, ನಾಲ್ಕು ತಿಂಗಳು ಕಳೆದು, ಸದ್ದಿಲ್ಲದೆ ಕೆಲಸಕ್ಕೆ ಕರೆದರು. ಫೈಲಿನಿಂದ ಹಾಳೆಗಳನ್ನು ಕಿತ್ತವರು ಯಾರೆಂದು ಯಾರೂ ಕೇಳಲಿಲ್ಲ. ಮಾಲೀಕ ಕಂಪನಿಯ ಹೆಸರು ಬದಲಿಸಿಕೊಂಡ. ಅದೇ ಜಾಗದಲ್ಲಿ ಈಗ ಇನ್ನೂ ದೊಡ್ಡ ಫಲಕವಿದೆ. ಅದಕ್ಕೂ ಅನುಮತಿ ಇದೆ.

“ಅಮಾನತು ಮಾಡಿದ್ದಕ್ಕೆ ನನಗೆ ಅಷ್ಟು ನೋವಾಗಲಿಲ್ಲ” ಎನ್ನುತ್ತಾರೆ ಟೇಪಕ್ಕ. ಸುತ್ತಿಗೆಯನ್ನು ಚೀಲಕ್ಕೆ ಹಾಕಿ, ಮತ್ತೆ ಹೊರತೆಗೆದು, ಮತ್ತೆ ಹಾಕುತ್ತಾರೆ. “ಆ ಕೀಲಿಯವನ ಹೆಂಡತಿ ನಮ್ಮ ಮನೆಗೆ ಬಂದಿದ್ಲು. ಜಗಳಕ್ಕಲ್ಲ. ‘ಅಕ್ಕಾ, ನಿಮಗೆ ಮೊದಲೇ ಗೊತ್ತಿತ್ತಾ?’ ಅಂತ ಕೇಳಿದ್ಲು. ಗೊತ್ತಿತ್ತು, ಮೂರು ಸಲ ಬರೆದಿದ್ದೆ ಅಂದೆ. ‘ಯಾರಿಗೆ ಬರೆದ್ರಿ?’ ಅಂದ್ಲು. ಮೇಲಿನವರಿಗೆ ಅಂದೆ. ‘ಕೆಳಗೆ ಕೂತಿದ್ದವರಿಗೆ ಒಂದು ಮಾತು ಹೇಳಬಾರದಿತ್ತಾ?’ ಅಂದ್ಲು.”

ಚೀಲವನ್ನು ಹೆಗಲಿಗೇರಿಸಿಕೊಳ್ಳುತ್ತಾರೆ.

“ಮೂರು ಸಲ ಹೋದಾಗಲೂ ಅವನು ಅಲ್ಲೇ ಇದ್ದ. ಟೇಪಿನ ಒಂದು ತುದಿ ಹಿಡ್ಕೊಂಡಿದ್ದ. ನಮ್ಮ ಬೀರುವಿನ ಕೀಲಿ ಅವನ ಹತ್ರಾನೇ ಮಾಡಿಸ್ಕೊಂಡೆ. ಇಷ್ಟೆಲ್ಲಾ ಮಾತಾಡ್ದೆ, ಅದೊಂದು ಹೇಳಲಿಲ್ಲ. ಅದು ನನ್ನ ಕೆಲಸ ಅಂತ ನನಗೆ ಹೊಳೀಲೇ ಇಲ್ಲ.”

ಅಂದಿನಿಂದ ಅವರ ಕೆಲಸದ ಕ್ರಮ ಬದಲಾಗಿದೆ. ಬೋಲ್ಟು ಡಬ್ ಎಂದ ಕಡೆ ಮೊದಲು ಫಲಕದ ಕೆಳಗಿರುವ ಅಂಗಡಿ, ಗೂಡು, ತಳ್ಳುಗಾಡಿಗಳಿಗೆ ಹೋಗುತ್ತಾರೆ. ‘ಇಲ್ಲಿ ಕೂರಬೇಡಿ’ ಎನ್ನುತ್ತಾರೆ. ವರದಿ ಆಮೇಲೆ. ಹೀಗೆ ಮಾಡಿದ್ದಕ್ಕೆ ‘ಸಾರ್ವಜನಿಕರಲ್ಲಿ ಅನಗತ್ಯ ಭೀತಿ ಹುಟ್ಟಿಸುತ್ತಿದ್ದೀರಿ’ ಎಂದು ಕಚೇರಿಯಿಂದ ಎರಡು ಸಲ ಮೆಮೊ ಬಂದಿದೆ. ಮೂರು ವರದಿಗಳು ಮಾಯವಾದ ಕಚೇರಿಯಲ್ಲಿ ಈ ಎರಡು ಮೆಮೊಗಳ ಪ್ರತಿಗಳು ಮಾತ್ರ ಜೋಪಾನವಾಗಿವೆ.

ಕೆಳಗಿನವರೂ ಹೂವು ಹಾಕಿ ಕರೆಯುವುದಿಲ್ಲ. ಒಂಬತ್ತು ಗಂಟೆಗೆ ನಾವು ಮಾರುಕಟ್ಟೆಯ ದಾರಿ ಹಿಡಿದಾಗ, ರಸ್ತೆಯ ಆಚೆ ಬದಿಯಿಂದ ಹಣ್ಣು ಮಾರುವ ಅಜ್ಜಿಯ ದನಿ ಮುಟ್ಟುತ್ತದೆ. ಟೇಪಕ್ಕನ ಕಾಟ ತಾಳಲಾರದೆ ಹೋದ ತಿಂಗಳು ಆಕೆ ಫಲಕದ ಕೆಳಗಿನ ಜಾಗ ಬಿಟ್ಟಿದ್ದಾರೆ. ಆಚೆ ಬದಿಗೆ ಗಿರಾಕಿಗಳು ಬರುವುದಿಲ್ಲ.

“ನಿನ್ನ ಬಾಯಿಗೆ ಮಣ್ಣು ಹಾಕ! ಎಲ್ಲೇ ಬಿತ್ತು ನಿನ್ನ ಬೋರ್ಡು? ಕಲ್ಲುಗುಂಡಿನ ಹಾಗೆ ನಿಂತಿದೆ ನೋಡು! ನನ್ನ ವ್ಯಾಪಾರ ಮುಳುಗಿಸಿದ್ದು ನೀನೇ!”

ನನಗೆ ಮುಜುಗರವಾಗುತ್ತದೆ. ದಿನಾ ಹೀಗೇ ಬೈಯುತ್ತಾರಾ ಎಂದು ಕೇಳುತ್ತೇನೆ. ಟೇಪಕ್ಕ ನಿಂತು, ಅಜ್ಜಿಯ ಬೈಗುಳ ಪೂರ್ತಿ ಮುಗಿಯುವವರೆಗೂ ಕೇಳಿಸಿಕೊಳ್ಳುತ್ತಾರೆ.

“ದಿನಾ. ಬೈಕೊಳ್ಳಲಿ ಬಿಡಿ. ಬೈಯೋಕೆ ಇದ್ದಾರಲ್ಲ.”